ಹಳೇ ಕೋಳಿಗಳ ಜೊತೆ ಹೊಸ ಮರಿ ಬಿಡುವುದು ಹೇಗೆ? ಆತುರಪಟ್ಟರೆ ಎರಡೂ ಕಡೆ ನಷ್ಟ

ಹಿತ್ತಲಲ್ಲಿ ಆರೇಳು ನಾಟಿ ಕೋಳಿಗಳಿವೆ. ಮೊಟ್ಟೆ ಕಡಿಮೆಯಾಗುತ್ತಿದೆ ಎಂದು ಸಂತೆಯಿಂದಲೋ ಹ್ಯಾಚರಿಯಿಂದಲೋ ಹತ್ತು ಮರಿ ತರುತ್ತಾರೆ. ಸಂಜೆ ಹಳೇ ಕೋಳಿಗಳ ಗೂಡಿಗೇ ಬಿಟ್ಟು ಬಾಗಿಲು ಹಾಕುತ್ತಾರೆ. ಬೆಳಗ್ಗೆ ನೋಡಿದರೆ ಎರಡು ಮರಿ ಸತ್ತಿರುತ್ತವೆ, ಒಂದರ ತಲೆಯೆಲ್ಲ ರಕ್ತ, ಉಳಿದವು ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದುಕೊಂಡಿರುತ್ತವೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಹಳೇ ಕೋಳಿಗಳೂ ಒಂದೊಂದಾಗಿ ತೂಕಡಿಸಲು ಶುರುಮಾಡುತ್ತವೆ.

ಕೋಳಿ ಸಾಕುವ ಮನೆಗಳಲ್ಲಿ ಇದು ಹೊಸ ಕಥೆಯೇನಲ್ಲ. ಹಳೇ ಗುಂಪಿಗೆ ಹೊಸ ಮರಿ ಸೇರಿಸುವುದು ಒಂದು ಸಂಜೆಯಲ್ಲಿ ಮುಗಿಯುವ ಕೆಲಸವಲ್ಲ. ಮರಿಗಳ ವಯಸ್ಸು ನೋಡಿಕೊಂಡು ನಾಲ್ಕರಿಂದ ಹತ್ತು ವಾರ ಬೇಕಾಗಬಹುದು. ಅಷ್ಟು ದಿನ ಕಾಯುವುದಕ್ಕೆ ಎರಡು ಕಾರಣಗಳಿವೆ. ಒಂದು ಕುಟುಕಾಟ, ಅದು ಕಣ್ಣಿಗೆ ಕಾಣುತ್ತದೆ. ಇನ್ನೊಂದು ರೋಗ, ಅದು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಊರಲ್ಲಿ ಕೋಳಿ ಸಾಕಿಕೊಂಡಿರುವ ಅಪ್ಪ-ಅಮ್ಮನಿಗೆ ಹೈದರಾಬಾದಿನಿಂದಲೋ ಪುಣೆಯಿಂದಲೋ ಮರಿ ಕೊಂಡೊಯ್ಯುವವರಿಗೂ, ನಗರದ ಹೊರವಲಯದ ಮನೆಯಲ್ಲಿ ನಾಲ್ಕು ಕೋಳಿ ಇಟ್ಟುಕೊಂಡವರಿಗೂ ಈ ಲೆಕ್ಕ ಒಂದೇ.

ಕುಟುಕುವುದಕ್ಕೂ ಒಂದು ಸರದಿ ಇದೆ

ಕೋಳಿಗಳ ಗುಂಪಿನಲ್ಲಿ ಯಾವುದು ಮೊದಲು ಕಾಳು ತಿನ್ನಬೇಕು, ಕೂರುವ ಕೋಲಿನ ಮೇಲೆ ಒಳ್ಳೆ ಜಾಗ ಯಾವುದಕ್ಕೆ, ಯಾವುದು ಯಾವುದಕ್ಕೆ ದಾರಿ ಬಿಡಬೇಕು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಎಲ್ಲಕ್ಕಿಂತ ಮೇಲಿರುವ ಹೇಂಟೆ ಉಳಿದೆಲ್ಲವನ್ನೂ ಕುಟುಕಬಲ್ಲದು, ಅದನ್ನು ಯಾವುದೂ ಕುಟುಕುವಂತಿಲ್ಲ. ಎರಡನೆಯದು ಮೊದಲನೆಯದಕ್ಕೆ ಮಾತ್ರ ತಗ್ಗುತ್ತದೆ. ಹೀಗೆ ಇಳಿಯುತ್ತಾ ಹೋಗಿ ಕಡೆಯದಕ್ಕೆ ಎಲ್ಲರಿಂದಲೂ ಏಟು. ಹುಂಜಗಳ ಸರದಿಯೇ ಬೇರೆ, ಹೇಂಟೆಗಳ ಸರದಿಯೇ ಬೇರೆ.

ನಾರ್ವೆಯ ಥೋರ್ಲೀಫ್ ಶೆಲ್ಡೆರುಪ್-ಎಬ್ಬೆ ಎಂಬ ವಿಜ್ಞಾನಿ ಹುಡುಗನಾಗಿದ್ದಾಗಿನಿಂದಲೇ ಕೋಳಿಗಳನ್ನು ನೋಡುತ್ತಾ ಬಂದು, 1920ರ ದಶಕದ ಆರಂಭದಲ್ಲಿ ಈ ಸರದಿಯನ್ನು ಲೋಕಕ್ಕೆ ವಿವರಿಸಿದರು. ಇವತ್ತು ಕಚೇರಿ ರಾಜಕೀಯದ ಬಗ್ಗೆ ಮಾತಾಡುವಾಗಲೂ ಬಳಸುವ ‘ಪೆಕಿಂಗ್ ಆರ್ಡರ್’ ಎಂಬ ಮಾತು ಬಂದಿದ್ದು ಈ ಕೋಳಿಗಳ ಅಧ್ಯಯನದಿಂದಲೇ.

ಈ ಸರದಿಯಿಂದ ಕೋಳಿಗಳಿಗೆ ಲಾಭವೇ ಹೆಚ್ಚು. ಯಾವುದು ಮೇಲು, ಯಾವುದು ಕೆಳಗು ಎಂಬುದು ಒಮ್ಮೆ ನಿರ್ಧಾರವಾದರೆ ದಿನಾ ಜಗಳವಾಡುವ ಅಗತ್ಯವಿಲ್ಲ. ಒಂದು ನೋಟ, ಒಂದು ಕುತ್ತಿಗೆ ಚಾಚು ಸಾಕು, ಕೆಳಗಿನದು ಪಕ್ಕಕ್ಕೆ ಸರಿಯುತ್ತದೆ. ಆದರೆ ಹೊಸದೊಂದು ಕೋಳಿ ಬಂದ ಕೂಡಲೇ ಲೆಕ್ಕ ಕೆಡುತ್ತದೆ. ಹೊಸಬರ ಸ್ಥಾನ ಯಾವುದು ಎಂದು ಪ್ರತಿಯೊಂದು ಹಳೇ ಕೋಳಿಯೂ ತಾನೇ ಪರೀಕ್ಷೆ ಮಾಡಬೇಕು. ಸಾಮಾನ್ಯವಾಗಿ ಹೆಚ್ಚು ಹಿಂಸೆ ಕೊಡುವುದು ಮೇಲಿನ ಹೇಂಟೆಯಲ್ಲ, ಸರದಿಯ ಕೆಳತುದಿಯಲ್ಲಿರುವವು. ಇಷ್ಟು ದಿನ ಎಲ್ಲರಿಂದ ಏಟು ತಿಂದದ್ದಕ್ಕೆ ಈಗ ತನಗಿಂತ ಕೆಳಗೊಬ್ಬರು ಸಿಕ್ಕಿರುತ್ತಾರೆ. ಕೋಳಿಗಳಲ್ಲೂ ಸೊಸೆ ಅತ್ತೆಯಾಗುವ ಕಾಲ ಒಂದಿದೆ.

ಕೋಳಿಗಳು ಒಂದನ್ನೊಂದು ಗುರುತಿಸುವುದು ಮುಖ್ಯವಾಗಿ ತಲೆ ಮತ್ತು ಜುಟ್ಟು ನೋಡಿ. ಹಾಗಾಗಿ ಗುಂಪಿನದೇ ಕೋಳಿಯೊಂದನ್ನು ಕಾಯಿಲೆ ಎಂದು ಎರಡು ಮೂರು ವಾರ ಕಣ್ಣಿಗೆ ಕಾಣದ ಹಾಗೆ ಬೇರೆ ಕಡೆ ಇಟ್ಟು ವಾಪಸು ತಂದರೂ ಉಳಿದವು ಅದನ್ನು ಹೊಸಬನಂತೆ ನೋಡಬಹುದು. ಈ ವಿಷಯ ಮುಂದೆಯೂ ಉಪಯೋಗಕ್ಕೆ ಬರುತ್ತದೆ.

ಯಾವ ವಯಸ್ಸಿಗೆ ಬಿಡಬೇಕು?

ಸಾಕುವವರು ಹೆಚ್ಚಾಗಿ ಎಡವುವುದು ಇಲ್ಲೇ. ಮರಿಗೆ ಮೊದಲ ವಾರ 32ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಬರಬೇಕು. ಆರು ವಾರದ ಹೊತ್ತಿಗೆ ಮೈತುಂಬ ಪುಕ್ಕ ಬಂದಿರುತ್ತದೆ, ಬಲ್ಬು ಬೇಡವಾಗುತ್ತದೆ. ಹೈದರಾಬಾದಿನ ರಾಜೇಂದ್ರನಗರದಲ್ಲಿರುವ ಕೇಂದ್ರ ಸರ್ಕಾರದ ಕುಕ್ಕುಟ ಸಂಶೋಧನಾ ನಿರ್ದೇಶನಾಲಯ ಅಭಿವೃದ್ಧಿಪಡಿಸಿದ ವನರಾಜ, ಗ್ರಾಮಪ್ರಿಯ ತಳಿಗಳನ್ನೂ ಆರು ವಾರ ಒಳಗೆ ಸಾಕಿ ನಂತರ ಹಿತ್ತಲಿಗೆ ಬಿಡಿ ಎಂದೇ ಹೇಳಲಾಗುತ್ತದೆ.

ಆದರೆ ಹಿತ್ತಲಿಗೆ ಬಿಡುವುದು ಬೇರೆ, ಹಳೇ ಕೋಳಿಗಳ ನಡುವೆ ಬಿಡುವುದು ಬೇರೆ. ಮನೆಯಲ್ಲಿ ಬೇರೆ ಕೋಳಿಗಳೇ ಇಲ್ಲದಿದ್ದರೆ ಆರು ವಾರ ಸಾಕು. ಹಳೇ ಗುಂಪು ಇದ್ದರೆ ಮರಿಗಳ ಗಾತ್ರ ದೊಡ್ಡ ಕೋಳಿಯ ಮುಕ್ಕಾಲು ಭಾಗದಷ್ಟಾದರೂ ಆಗುವವರೆಗೆ ಒಟ್ಟಿಗೆ ಬಿಡದಿರುವುದು ಕ್ಷೇಮ. ಸಾಮಾನ್ಯವಾಗಿ ಅದು 10ರಿಂದ 12 ವಾರಕ್ಕೆ ಬರುತ್ತದೆ. ಏಟು ಬಿದ್ದರೆ ತಡೆದುಕೊಳ್ಳುವ, ಅಟ್ಟಿಸಿಕೊಂಡು ಬಂದರೆ ಹಾರಿ ತಪ್ಪಿಸಿಕೊಳ್ಳುವ ಶಕ್ತಿ ಆಗ ಇರುತ್ತದೆ.

ತಳಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಬೆಂಗಳೂರಿನಲ್ಲಿ ಅಭಿವೃದ್ಧಿಯಾದ ಗಿರಿರಾಜ ಮರಿ ಸರಿಯಾದ ಮೇವು ಸಿಕ್ಕರೆ ಎರಡು ತಿಂಗಳಿಗೇ ಒಂದು ಕಿಲೋ ಹತ್ತಿರಕ್ಕೆ ಬೆಳೆಯುತ್ತದೆ. ಅಂದರೆ ಸಣ್ಣ ನಾಟಿ ಹೇಂಟೆಯೊಂದಕ್ಕೆ ಅದು ಗಾತ್ರದಲ್ಲಿ ಹತ್ತಿರ ಹತ್ತಿರ ಸಮ. ಹಾಗೆಂದು ನಾಟಿ ಹೇಂಟೆ ಹೆದರುವುದಿಲ್ಲ. ಮೈ ಬೆಳೆದಿದ್ದರೂ ಗಿರಿರಾಜ ಇನ್ನೂ ಮರಿಯೇ, ಅದೇ ಹೆದರಿ ಓಡುತ್ತದೆ. ಇನ್ನು ಕಾಳಗಕ್ಕೆ ಹೆಸರಾದ ಅಸೀಲ್ ತಳಿಯ ಕೋಳಿಗಳಿರುವ ಗುಂಪಿಗೆ ಸಾಧು ತಳಿಯ ಮರಿ ಸೇರಿಸುವುದಂತೂ ಗಂಡಾಂತರದ ಕೆಲಸ. ಅಸೀಲ್ ಮರಿಗಳು ಸಣ್ಣವಿದ್ದಾಗಲೇ ತಮ್ಮತಮ್ಮಲ್ಲೇ ಜಗಳಕ್ಕೆ ನಿಲ್ಲುತ್ತವೆ.

ಒಂದೇ ಒಂದು ಮರಿ ಸೇರಿಸುವುದನ್ನು ಆದಷ್ಟು ತಪ್ಪಿಸಬೇಕು. ಮೂರೋ ನಾಲ್ಕೋ ಒಟ್ಟಿಗೆ ಬೆಳೆದ ಮರಿಗಳಿದ್ದರೆ ಏಟು ಹಂಚಿಹೋಗುತ್ತದೆ, ಅವಕ್ಕೆ ಜೊತೆಯೂ ಇರುತ್ತದೆ. ಒಂಟಿ ಮರಿಗೆ ಎಲ್ಲ ಕೊಕ್ಕುಗಳೂ ಒಂದೇ ಕಡೆ ತಿರುಗುತ್ತವೆ.

ರೋಗ ಎರಡೂ ದಿಕ್ಕಿನಿಂದ ಬರುತ್ತದೆ

ಕುಟುಕಾಟದಲ್ಲಿ ಒಂದೆರಡು ಮರಿ ಹೋಗಬಹುದು. ರೋಗ ಬಂದರೆ ಗೂಡೇ ಖಾಲಿ. ಕೊಕ್ಕರೆ ರೋಗ ಎಂದು ನಮ್ಮ ಕಡೆ ಕರೆಯುವ ರಾಣಿಖೇತ್ ರೋಗವನ್ನೇ ತೆಗೆದುಕೊಳ್ಳಿ. 1926ರಲ್ಲಿ ಇಂಡೋನೇಷ್ಯಾದ ಜಾವಾ ಮತ್ತು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಗುರುತಿಸಲಾದ ಈ ರೋಗಕ್ಕೆ, ಭಾರತದಲ್ಲಿ ಅದು ಪತ್ತೆಯಾದ ಇಂದಿನ ಉತ್ತರಾಖಂಡದ ರಾಣಿಖೇತ್ ಊರಿನ ಹೆಸರು ಅಂಟಿಕೊಂಡಿದೆ. ಸುಮಾರು ನೂರು ವರ್ಷವಾದರೂ ಹಿತ್ತಲ ಕೋಳಿಗಳ ದೊಡ್ಡ ಶತ್ರು ಇದೇ. ಹಸಿರು ಭೇದಿ, ಉಸಿರಾಟದ ತೊಂದರೆ, ಕತ್ತು ತಿರುಚಿಕೊಳ್ಳುವುದು ಇದರ ಲಕ್ಷಣ. ಲಸಿಕೆಯಿಲ್ಲದ ಗುಂಪಿಗೆ ತಗುಲಿದರೆ ಕೆಲವೇ ದಿನಗಳಲ್ಲಿ ಬಹುತೇಕ ಕೋಳಿಗಳು ಸಾಯುತ್ತವೆ. ಇದಕ್ಕೆ ಔಷಧವಿಲ್ಲ, ಲಸಿಕೆಯೊಂದೇ ದಾರಿ.

ಸಂತೆಯ ಪಂಜರದಲ್ಲಿ ಹತ್ತು ಊರಿನ ಕೋಳಿಗಳು ಒಟ್ಟಿಗೆ ಕೂತಿರುತ್ತವೆ. ಅಲ್ಲಿಂದ ತಂದ ಕೋಳಿ ನೋಡಲು ಚುರುಕಾಗಿದ್ದರೂ ರೋಗಾಣು ಮೈಯಲ್ಲಿ ಹೊತ್ತಿರಬಹುದು. ನಗರಗಳ ಬೀದಿಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳಂತೂ ಹೆಚ್ಚಾಗಿ ಮೊಟ್ಟೆ ತಳಿಯ ಹ್ಯಾಚರಿಗಳು ಬೇಡವೆಂದು ಬಿಟ್ಟ ಗಂಡು ಮರಿಗಳು. ಲಸಿಕೆಯ ಮಾತೇ ಇಲ್ಲ. ಮಕ್ಕಳು ಹಠ ಹಿಡಿದರೆಂದು ತಂದು ಹಳೇ ಕೋಳಿಗಳ ಜೊತೆ ಬಿಡುವುದು ತೀರಾ ಅಪಾಯದ ಕೆಲಸ.

ರೋಗ ಹಳೇ ಕೋಳಿಗಳಿಂದ ಮರಿಗಳಿಗೂ ಹರಡುತ್ತದೆ ಎಂಬುದನ್ನು ಮರೆಯುವವರೇ ಹೆಚ್ಚು. ರಕ್ತಭೇದಿ ಅಥವಾ ಕಾಕ್ಸಿಡಿಯೋಸಿಸ್ ಉಂಟುಮಾಡುವ ಸೂಕ್ಷ್ಮಜೀವಿ ದೊಡ್ಡ ಕೋಳಿಗಳ ಹೊಟ್ಟೆಯಲ್ಲಿ ಹೆಚ್ಚು ತೊಂದರೆ ಕೊಡದೆ ಇದ್ದುಬಿಡುತ್ತದೆ. ಅವುಗಳ ಹಿಕ್ಕೆಯ ಮೂಲಕ ನೆಲಕ್ಕೆ ಬೀಳುತ್ತದೆ. ತೇವ ಇದ್ದಲ್ಲಿ ಬಲಿಯುತ್ತದೆ. ರೋಗನಿರೋಧಕ ಶಕ್ತಿ ಇನ್ನೂ ಬಾರದ ಮೂರರಿಂದ ಆರು ವಾರದ ಮರಿ ಅದನ್ನು ತಿಂದರೆ ರೆಕ್ಕೆ ಇಳಿಬಿಟ್ಟು, ಪುಕ್ಕ ಕೆದರಿಕೊಂಡು ಮುದುಡಿ ಕೂರುತ್ತದೆ, ಹಿಕ್ಕೆಯಲ್ಲಿ ರಕ್ತ ಬರುತ್ತದೆ. ಅಂಥ ಮರಿ ಕಂಡ ದಿನವೇ ಪಶು ಆಸ್ಪತ್ರೆಗೆ ಹೋಗಿ ನೀರಿಗೆ ಹಾಕುವ ಔಷಧ ತರಬೇಕು. ನಾಳೆ ನೋಡೋಣ ಎಂದರೆ ಮರಿ ಉಳಿಯುವುದಿಲ್ಲ. ಕರಾವಳಿಯಲ್ಲಿ, ಮುಂಬೈಯಂಥ ಕಡೆ, ಮಳೆಗಾಲದಲ್ಲಿ ನೆಲ ಒಣಗುವುದೇ ಇಲ್ಲ. ಹಾಗಾಗಿ ಮಳೆ ಜೋರಾಗಿರುವ ತಿಂಗಳುಗಳಲ್ಲಿ ಹೊಸ ಮರಿ ಸೇರಿಸುವ ಯೋಚನೆ ಮುಂದೂಡುವುದೇ ಒಳ್ಳೆಯದು.

ಹೊರಗಿನಿಂದ ತಂದ ಕೋಳಿಗಳನ್ನು ಕನಿಷ್ಠ ಮೂರು ವಾರ, ಸಾಧ್ಯವಾದರೆ ಒಂದು ತಿಂಗಳು, ಹಳೇ ಗೂಡಿನಿಂದ ದೂರದಲ್ಲಿ ಇಡಬೇಕು. ಮನೆಯ ಇನ್ನೊಂದು ಬದಿ ಆದರೆ ಒಳ್ಳೆಯದು. ನೀರಿನ ಪಾತ್ರೆ, ಮೇವಿನ ತಟ್ಟೆ ಬೇರೆ ಇರಬೇಕು. ಚಪ್ಪಲಿಯೂ ಬೇರೆ ಇದ್ದರೆ ಉತ್ತಮ, ಏಕೆಂದರೆ ಹಿಕ್ಕೆ ಹೆಚ್ಚಾಗಿ ದಾಟುವುದು ಚಪ್ಪಲಿಯ ಅಡಿಯಲ್ಲೇ. ಸಂತೆಯಿಂದ ತಂದ ಬೆಳೆದ ಕೋಳಿಗಳಾದರೆ ಮೊದಲು ಹಳೇ ಕೋಳಿಗಳ ಕೆಲಸ ಮುಗಿಸಿ ಕೊನೆಗೆ ಹೊಸವುಗಳ ಹತ್ತಿರ ಹೋಗಬೇಕು. ಹ್ಯಾಚರಿಯಿಂದ ತಂದ ಒಂದು ದಿನದ ಮರಿಗಳಾದರೆ ಇದು ತಿರುಗುಮುರುಗು. ಮೊದಲು ಮರಿ, ಆಮೇಲೆ ಹಳೇ ಕೋಳಿ. ಎರಡರ ನಡುವೆ ಸೋಪು ಹಾಕಿ ಕೈ ತೊಳೆಯಲೇಬೇಕು.

ಈ ದಿನಗಳಲ್ಲಿ ರೆಕ್ಕೆಯ ಕೆಳಗೆ, ಗುದದ ಸುತ್ತ ಪುಕ್ಕ ಬಿಡಿಸಿ ಹೇನು, ಉಣ್ಣೆ ಇದೆಯೇ ನೋಡಬೇಕು. ಮೂಗಿನಲ್ಲಿ ನೀರು, ರಾತ್ರಿ ಹೊತ್ತು ಗೊರಗೊರ ಸದ್ದು ಇದ್ದರೆ ಬೆರೆಸುವ ಮಾತು ಬಿಟ್ಟು ವೈದ್ಯರನ್ನು ಕಾಣಬೇಕು. ಹಕ್ಕಿಜ್ವರದ ಸುದ್ದಿ ಇರುವ ಕಾಲದಲ್ಲಿ ಹೊಸ ಕೋಳಿ ತರಲೇಬಾರದು. ದೇಶದಲ್ಲಿ ಮೊದಲ ಬಾರಿಗೆ 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಾಗ ಫಾರಂ ಕೋಳಿಗಳ ಜೊತೆ ಸುತ್ತಲಿನ ಹಿತ್ತಲ ಕೋಳಿಗಳನ್ನೂ ಕೊಲ್ಲಬೇಕಾಗಿ ಬಂದಿತ್ತು.

ಲಸಿಕೆಯ ಲೆಕ್ಕ

ಮರಿಗಳಿಗೆ 5ರಿಂದ 7ನೇ ದಿನದೊಳಗೆ ರಾಣಿಖೇತ್ ರೋಗದ ಮೊದಲ ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಹನಿ ಹಾಕುತ್ತಾರೆ. ಎಫ್1 ಅಥವಾ ಲಸೋಟಾ ಎಂಬ ಹೆಸರಲ್ಲಿ ಸಿಗುತ್ತದೆ. ಎರಡನೇ ವಾರದ ಹೊತ್ತಿಗೆ ಗುಂಬೋರೋ, ನಾಲ್ಕನೇ ವಾರದ ಸುಮಾರಿಗೆ ಮತ್ತೆ ಲಸೋಟಾ, ನಂತರ ಕೋಳಿ ಸಿಡುಬಿನ ಲಸಿಕೆ. ಎಂಟು ವಾರದ ಹೊತ್ತಿಗೆ ಆರ್2ಬಿ ಎಂಬ ಚುಚ್ಚುಮದ್ದು. ಪ್ರದೇಶಕ್ಕೆ ತಕ್ಕಂತೆ ಪಶು ವೈದ್ಯರು ದಿನಗಳನ್ನು ಹಿಂದೆ ಮುಂದೆ ಮಾಡುವುದುಂಟು. ಮಾರೆಕ್ಸ್ ರೋಗದ ಲಸಿಕೆ ಮಾತ್ರ ಮೊಟ್ಟೆಯೊಡೆದ ದಿನವೇ ಹ್ಯಾಚರಿಯಲ್ಲಿ ಹಾಕಬೇಕು. ಮರಿ ಕೊಳ್ಳುವಾಗಲೇ ಅದನ್ನು ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಎಂಟನೇ ವಾರದ ಚುಚ್ಚುಮದ್ದು ಮೈಗೆ ಹಿಡಿಯಲು ಸುಮಾರು ಎರಡು ವಾರ ಬೇಕು. ಅಂದರೆ ಹತ್ತನೇ ವಾರ. ಕುಟುಕಾಟದ ದೃಷ್ಟಿಯಿಂದ ಹೇಳಿದ 10ರಿಂದ 12 ವಾರದ ಲೆಕ್ಕಕ್ಕೆ ಇದೂ ಬಂದು ಸೇರುತ್ತದೆ. ಹಳೇ ಕೋಳಿಗಳಿಗೆ ಲಸಿಕೆ ಹಾಕಿಸಿ ಬಹಳ ದಿನವಾಗಿದ್ದರೆ, ಇಲ್ಲವೇ ಹಾಕಿಸಿಯೇ ಇಲ್ಲದಿದ್ದರೆ, ಬೆರೆಸುವ ಎರಡು ಮೂರು ವಾರ ಮುಂಚೆ ಅವಕ್ಕೂ ಹಾಕಿಸಬೇಕು.

ನಾಲ್ಕು ಕೋಳಿ ಸಾಕುವವರಿಗೆ ಒಂದು ತಾಪತ್ರಯವಿದೆ. ಆರ್2ಬಿಯಂಥ ಲಸಿಕೆ ಬರುವುದು ನೂರಾರು ಡೋಸ್‌ಗಳ ಸೀಸೆಯಲ್ಲಿ. ಐಸ್‌ನಲ್ಲಿಟ್ಟು ತರಬೇಕು, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಅಕ್ಕಪಕ್ಕದ ಮನೆಯವರೆಲ್ಲ ಒಂದೇ ದಿನ ಹಾಕಿಸಿದರೆ ಖರ್ಚೂ ಹಂಚಿಹೋಗುತ್ತದೆ, ಬೀದಿಯ ಕೋಳಿಗಳೆಲ್ಲಕ್ಕೂ ರಕ್ಷಣೆ ಸಿಗುತ್ತದೆ. ಹಿತ್ತಲ ಕೋಳಿಗೆ ಬೇಲಿ ಎಂಬುದು ಹೆಸರಿಗಷ್ಟೇ. ಪಕ್ಕದ ಮನೆಯ ಕೋಳಿಗೆ ಬಂದ ರೋಗ ನಾಳೆ ಇಲ್ಲಿಗೂ ಬರುತ್ತದೆ.

ನೋಡಲಿ, ಮುಟ್ಟದಿರಲಿ

ಪ್ರತ್ಯೇಕವಾಗಿಟ್ಟ ದಿನಗಳು ಮುಗಿದ ಮೇಲೆ ಮುಖ್ಯವಾದ ಹಂತ ಶುರು. ಹಳೇ ಕೋಳಿಗಳು ಓಡಾಡುವ ಜಾಗದಲ್ಲೇ, ಅಥವಾ ಗೂಡಿನ ಒಂದು ಭಾಗದಲ್ಲೇ, ತಂತಿ ಜಾಲರಿಯಿಂದ ಅಡ್ಡ ಕಟ್ಟಿ ಹೊಸವನ್ನು ಒಳಗಿಡಬೇಕು. ಒಬ್ಬರನ್ನೊಬ್ಬರು ನೋಡಬೇಕು, ಸದ್ದು ಕೇಳಬೇಕು, ಕೊಕ್ಕು ಮಾತ್ರ ತಾಗಬಾರದು. ಇದು ಕನಿಷ್ಠ ಒಂದು ವಾರ, ಎರಡು ವಾರವಾದರೆ ಇನ್ನೂ ಒಳ್ಳೆಯದು.

ಜಾಲರಿಯ ಕಣ್ಣು ಅರ್ಧ ಇಂಚಿನದಾದರೆ ಸರಿ. ದೊಡ್ಡ ಕಣ್ಣಿನ ಜಾಲರಿಯಲ್ಲಿ ಸಣ್ಣ ಮರಿ ತಲೆ ತೂರಿಸುತ್ತದೆ, ಆಚೆಯಿಂದ ಕುಟುಕು ಬೀಳುತ್ತದೆ. ಬೆಕ್ಕು, ಮುಂಗುಸಿಗೂ ಈ ಸಣ್ಣ ಕಣ್ಣಿನ ಜಾಲರಿಯೇ ತಡೆ. ಹದ್ದು, ಕಾಗೆಗಳ ಕಾಟ ಇರುವ ಕಡೆ ಮೇಲೆಯೂ ಮುಚ್ಚಬೇಕು.

ಎರಡೂ ಕಡೆಯ ಮೇವಿನ ತಟ್ಟೆಗಳನ್ನು ಜಾಲರಿಯ ಆಚೆ ಈಚೆ ಹತ್ತಿರದಲ್ಲೇ ಇಟ್ಟರೆ ಎದುರುಬದುರು ನಿಂತು ತಿನ್ನುವುದು ರೂಢಿಯಾಗುತ್ತದೆ. ಮೊದಲ ಎರಡು ದಿನ ಹಳೇ ಹೇಂಟೆಗಳು ಜಾಲರಿಗೆ ಎಗರಿ ಬೀಳಬಹುದು. ನಾಲ್ಕನೇ ಐದನೇ ದಿನಕ್ಕೆ ಆಸಕ್ತಿ ಕಳೆದುಕೊಂಡು ತಮ್ಮ ಪಾಡಿಗೆ ಕೆದಕುತ್ತಾ ಹೋಗುತ್ತವೆ. ಆ ನಿರ್ಲಕ್ಷ್ಯವೇ ಬೇಕಾಗಿರುವುದು. ವಾರ ಕಳೆದರೂ ಜಾಲರಿಯ ಹತ್ತಿರ ಪಹರೆ ಕಾಯುವ ಹೇಂಟೆ ಇದ್ದರೆ ಇನ್ನೂ ಸಮಯ ಬೇಕು ಎಂದರ್ಥ.

ಗೂಡಿನಲ್ಲಿ ಎರಡು ಭಾಗ ಮಾಡುವಷ್ಟು ಜಾಗವೇ ಇಲ್ಲ ಎನ್ನುವವರು ಹೊಸ ಮರಿ ತರದಿರುವುದೇ ವಾಸಿ. ಟೆರೇಸಿನ ಮೇಲೆ ಸಣ್ಣ ಪಂಜರದಲ್ಲಿ ನಾಲ್ಕು ಕೋಳಿ ಇಟ್ಟುಕೊಂಡವರಿಗೆ ಈ ಮಾತು ಹೆಚ್ಚು ಅನ್ವಯ. ಗೂಡಿನೊಳಗೆ ಒಂದು ಕೋಳಿಗೆ ಕನಿಷ್ಠ ಎರಡು ಚದರ ಅಡಿ, ಕೂರುವ ಕೋಲಿನ ಮೇಲೆ ಎಂಟು ಇಂಚು ಜಾಗ ಬೇಕು. ಒತ್ತೊತ್ತಾಗಿ ತುಂಬಿದರೆ ಹಳೇ ಸ್ನೇಹಿತರೂ ಒಬ್ಬರನ್ನೊಬ್ಬರು ಕುಟುಕುತ್ತಾರೆ.

ಮೊದಲ ಭೇಟಿ ಬಯಲಲ್ಲಿ

ಬಹಳ ಜನ ಕೇಳಿರುವ ಉಪಾಯ ಒಂದಿದೆ. ರಾತ್ರಿ ಕತ್ತಲಲ್ಲಿ ಹೊಸ ಕೋಳಿಗಳನ್ನು ಎತ್ತಿ ಹಳೆಯವುಗಳ ಪಕ್ಕ ಕೋಲಿನ ಮೇಲೆ ಕೂರಿಸಿಬಿಡಿ, ಬೆಳಗಾಗುವಷ್ಟರಲ್ಲಿ ಒಂದಾಗಿರುತ್ತವೆ ಎಂದು. ಇದರಲ್ಲಿ ಅರ್ಧ ಮಾತ್ರ ನಿಜ. ಕೋಳಿಗೆ ಕತ್ತಲಲ್ಲಿ ಸರಿಯಾಗಿ ಕಣ್ಣು ಕಾಣದು, ಆದ್ದರಿಂದ ರಾತ್ರಿ ಜಗಳವಾಗುವುದಿಲ್ಲ. ಆದರೆ ಬೆಳಕು ಹರಿದ ಕೂಡಲೇ ಪಕ್ಕದಲ್ಲಿರುವುದು ಅಪರಿಚಿತ ಎಂದು ಗೊತ್ತಾಗಿಬಿಡುತ್ತದೆ. ಮನೆಯವರು ಏಳುವ ಮೊದಲೇ, ಮುಚ್ಚಿದ ಗೂಡಿನೊಳಗೆ, ಓಡಲು ಜಾಗವಿಲ್ಲದ ಕಡೆ ಏಟು ಬೀಳುತ್ತದೆ. ಜಾಲರಿಯ ಹಂತ ಮುಗಿಸಿದ ಕೋಳಿಗಳಿಗೆ ಈ ಉಪಾಯ ನಡೆಯುತ್ತದೆ. ಅದನ್ನು ಬಿಟ್ಟು ನೇರ ಕೂರಿಸಿದರೆ ಬೆಳಗ್ಗೆ ಐದೂವರೆಗೆ ಗೂಡಿನ ಬಾಗಿಲಲ್ಲಿ ಯಾರಾದರೂ ನಿಂತಿರಬೇಕು.

ಇದಕ್ಕಿಂತ ಮೊದಲ ಭೇಟಿಯನ್ನು ಹಗಲಲ್ಲೇ, ಬಯಲಲ್ಲೇ ಮಾಡಿಸುವುದು ಸುಲಭ. ಸಂಜೆ ನಾಲ್ಕೂವರೆ ಐದರ ಸುಮಾರಿಗೆ, ಗೂಡಿಗೆ ಮರಳಲು ಒಂದೂವರೆ ಗಂಟೆ ಇರುವಾಗ, ಜಾಲರಿಯ ಬಾಗಿಲು ತೆಗೆಯಬೇಕು. ಅದಕ್ಕೂ ಮೊದಲು ಹಿತ್ತಲಿನ ನಾಲ್ಕೈದು ಕಡೆ ಕಾಳು, ಸೊಪ್ಪು ಚೆಲ್ಲಿರಬೇಕು. ನುಗ್ಗೆ ಸೊಪ್ಪಿನ ಒಂದು ಕಟ್ಟು ನೇತುಹಾಕಿದರೂ ಸಾಕು, ಹಳೇ ಕೋಳಿಗಳ ಗಮನ ಅತ್ತ ಹೋಗುತ್ತದೆ. ಅಡಗಲು ಜಾಗ ಇರಬೇಕು. ಗೋಡೆಗೆ ಒರಗಿಸಿದ ಹಲಗೆ, ತಲೆಕೆಳಗು ಮಾಡಿದ ಹಳೇ ಬುಟ್ಟಿ, ಒಂದೆರಡು ಪೊದೆ. ಒಂದು ಎಚ್ಚರ ಎಂದರೆ ಈ ಅಡಗುತಾಣಗಳಿಗೆ ಎರಡು ಬಾಯಿ ಇರಬೇಕು. ಒಂದೇ ಬಾಯಿ ಇದ್ದರೆ ಮರಿ ಒಳಗೆ ಸಿಕ್ಕಿಬೀಳುತ್ತದೆ.

ಮೊದಲ ದಿನ ಒಂದು ಗಂಟೆ ಸಾಕು. ನಾಲ್ಕೈದು ದಿನ ಸಮಯ ಹೆಚ್ಚಿಸುತ್ತಾ ಹೋಗಿ, ಜಗಳ ಕಡಿಮೆಯಾಗಿದೆ ಎನಿಸಿದ ಮೇಲೆ ರಾತ್ರಿಯೂ ಒಟ್ಟಿಗೆ ಬಿಡಬಹುದು. ಕತ್ತಲಾಗುವಾಗ ತಲೆ ಎಣಿಸುವುದನ್ನು ಮರೆಯಬಾರದು. ಹೊಸ ಮರಿಗಳಿಗೆ ಗೂಡಿನ ದಾರಿ ಗೊತ್ತಿರುವುದಿಲ್ಲ. ಗೊತ್ತಿದ್ದರೂ ಬಾಗಿಲಲ್ಲಿ ಹಳೇ ಹೇಂಟೆ ನಿಂತಿದ್ದರೆ ಒಳಗೆ ಹೋಗುವ ಧೈರ್ಯವಿರುವುದಿಲ್ಲ. ಹೊರಗುಳಿದ ಮರಿ ಮುಂಗುಸಿಯ ಪಾಲು.

ಯಾವಾಗ ನಡುವೆ ಹೋಗಬೇಕು?

ಒಂದು ಕುಟುಕು, ಎರಡು ಹೆಜ್ಜೆ ಅಟ್ಟಿಸಿಕೊಂಡು ಹೋಗಿ ನಿಲ್ಲುವುದು, ಎದೆ ಉಬ್ಬಿಸಿ ಎದುರು ನಿಲ್ಲುವುದು ಇವೆಲ್ಲ ಸಹಜ. ಇದಕ್ಕೆಲ್ಲ ಕೋಲು ಹಿಡಿದು ಓಡಿದರೆ ಸರದಿ ಯಾವತ್ತೂ ತೀರ್ಮಾನವಾಗುವುದಿಲ್ಲ, ನಾಳೆ ಮತ್ತೆ ಮೊದಲಿಂದ ಶುರು. ಆದರೆ ಎರಡು ಮೂರು ಕೋಳಿ ಸೇರಿ ಒಂದನ್ನೇ ನೆಲಕ್ಕೆ ಒತ್ತಿ ತಲೆಗೆ ಕುಟುಕುತ್ತಿದ್ದರೆ, ಸೋತು ಮಲಗಿದ ಮೇಲೂ ಬಿಡದಿದ್ದರೆ ಆ ಕ್ಷಣವೇ ಬಿಡಿಸಬೇಕು.

ರಕ್ತ ಕಂಡರಂತೂ ತಡ ಮಾಡುವಂತಿಲ್ಲ. ಕೆಂಪು ಬಣ್ಣ ಕೋಳಿಗಳನ್ನು ಸೆಳೆಯುತ್ತದೆ. ಒಂದು ಹನಿ ರಕ್ತ ಕಂಡ ಜಾಗಕ್ಕೇ ಎಲ್ಲವೂ ಕುಟುಕುತ್ತಾ ಹೋಗಿ ಕೊಂದೇ ಬಿಡುತ್ತವೆ. ಗಾಯವಾದ ಕೋಳಿಯನ್ನು ಎತ್ತಿ ಗಾಯ ತೊಳೆದು, ವೈದ್ಯರು ಕೊಟ್ಟ ಔಷಧ ಹಚ್ಚಬೇಕು. ತಕ್ಷಣಕ್ಕೆ ಅರಿಶಿನ, ಬೇವಿನ ಎಣ್ಣೆ ಕಲಸಿ ಹಚ್ಚುವುದು ಹಳ್ಳಿಗಳಲ್ಲಿ ರೂಢಿಯಲ್ಲಿದೆ, ಗಾಯದ ಕೆಂಪೂ ಅದರಿಂದ ಮರೆಯಾಗುತ್ತದೆ. ವಾಸಿಯಾಗುವವರೆಗೆ ಆ ಕೋಳಿಯನ್ನು ಮನೆಯೊಳಗೆ ಬಚ್ಚಿಡದೆ ಜಾಲರಿಯ ಹಿಂದೆ ಉಳಿದವಕ್ಕೆ ಕಾಣುವಂತೆ ಇಡಬೇಕು. ಕಣ್ಣಿಂದ ಮರೆಯಾದರೆ ಮತ್ತೆ ಹೊಸಬನ ಲೆಕ್ಕ.

ಹೊಸಬರಿಗಿಂತ ಹಳೇ ಹೇಂಟೆಯೇ ತೊಂದರೆ ಮಾಡುತ್ತಿದ್ದರೆ ಅದನ್ನೇ ನಾಲ್ಕೈದು ದಿನ ಗುಂಪಿನಿಂದ ದೂರ, ಕಾಣದ ಜಾಗದಲ್ಲಿ ಇಟ್ಟು ನೋಡಬಹುದು. ವಾಪಸು ಬಂದಾಗ ಅದರ ಜಾಗ ಅಲುಗಾಡಿರುತ್ತದೆ, ಸೊಕ್ಕು ಸ್ವಲ್ಪ ಇಳಿದಿರುತ್ತದೆ. ಎಲ್ಲ ಹೇಂಟೆಗಳಿಗೂ ಇದು ನಾಟುತ್ತದೆ ಎಂದೇನಿಲ್ಲ.

ರಕ್ತವಿಲ್ಲದೆಯೂ ಸಾಯುವ ಮರಿಗಳಿವೆ. ದಿನವಿಡೀ ಮೂಲೆಯಲ್ಲಿ ಅಡಗಿ, ಮೇವಿನ ಹತ್ತಿರ ಬರಲು ಹೆದರಿ, ಹಸಿವಿನಿಂದ ಸೊರಗುತ್ತವೆ. ಇದನ್ನು ಕಂಡುಹಿಡಿಯಲು ಸಂಜೆ ಗೂಡಿಗೆ ಸೇರಿದ ಮೇಲೆ ಒಂದೊಂದು ಮರಿಯನ್ನೂ ಎತ್ತಿ ಕುತ್ತಿಗೆಯ ಬುಡದಲ್ಲಿ, ಎದೆಯ ಮೇಲ್ಭಾಗದಲ್ಲಿರುವ ಕಾಳಿನ ಚೀಲವನ್ನು ಮುಟ್ಟಿ ನೋಡಬೇಕು. ತುಂಬಿ ಉಬ್ಬಿದ್ದರೆ ತಿಂದಿದೆ. ಚಪ್ಪಟೆಯಾಗಿದ್ದರೆ ಅದಕ್ಕೆ ಮೇವು ಸಿಗುತ್ತಿಲ್ಲ. ಮೊದಲ ಎರಡು ವಾರ ಈ ಪರೀಕ್ಷೆ ದಿನಾ ಆಗಬೇಕು.

ಮೇವು, ನೀರು ಎರಡಕ್ಕೂ ಕನಿಷ್ಠ ಎರಡು ಮೂರು ಜಾಗ ಇರಬೇಕು, ಒಂದರಿಂದ ನೋಡಿದರೆ ಇನ್ನೊಂದು ಕಾಣದ ಹಾಗೆ. ಬಿದಿರಿನ ಮಂಕರಿಯನ್ನು ಬೋರಲು ಹಾಕಿ ಅಂಚಿಗೆ ಇಟ್ಟಿಗೆ ಕೊಟ್ಟು, ಮರಿ ಮಾತ್ರ ನುಸುಳುವಷ್ಟು ಎತ್ತರಿಸಿ ಕೆಳಗೆ ಮೇವಿಟ್ಟರೆ ದೊಡ್ಡ ಕೋಳಿಗಳ ಕಾಟವಿಲ್ಲದೆ ಸಣ್ಣವು ತಿನ್ನುತ್ತವೆ.

ಮೇವಿನ ವಿಷಯದಲ್ಲಿ ಒಂದು ತಪ್ಪು ಸದ್ದಿಲ್ಲದೆ ಆಗುತ್ತದೆ. ಮೊಟ್ಟೆಯಿಡುವ ಕೋಳಿಗಳ ಲೇಯರ್ ಫೀಡ್‌ನಲ್ಲಿ ಶೇ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ. ಬೆಳೆಯುವ ಮರಿಗೆ ಬೇಕಾಗುವುದು ಶೇ 1ರ ಆಸುಪಾಸು. ತಿಂಗಳುಗಟ್ಟಲೆ ಹೆಚ್ಚು ತಿಂದರೆ ಮರಿಯ ಮೂತ್ರಪಿಂಡ ಹಾಳಾಗುತ್ತದೆ. ಒಟ್ಟಿಗೆ ಬಿಟ್ಟ ಮೇಲೆ ಯಾವುದು ಯಾವ ತಟ್ಟೆಯಲ್ಲಿ ತಿನ್ನುತ್ತದೆ ಎಂದು ಕಾಯಲಾಗದು. ಹಾಗಾಗಿ ಎಲ್ಲಕ್ಕೂ ಗ್ರೋವರ್ ಫೀಡ್ ಹಾಕಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಟ್ಟರೆ ಮುಗಿಯಿತು. ಮೊಟ್ಟೆಯಿಡುವ ಹೇಂಟೆ ತನಗೆ ಬೇಕಾದಷ್ಟು ಅದನ್ನು ತಿನ್ನುತ್ತದೆ, ಮರಿಗಳು ಅತ್ತ ಅಷ್ಟಾಗಿ ಹೋಗುವುದಿಲ್ಲ.

ತಾಯಿ ಕೋಳಿಯಿದ್ದರೆ ಅರ್ಧ ಕೆಲಸ ಕಡಿಮೆ

ತಾಯಿ ಕೋಳಿ ತುಳಿದು ಮರಿ ಸತ್ತೀತೇ ಎಂಬ ಮಾತಿದೆ. ಬೇರೆ ಹೇಂಟೆಗಳಿಂದಲೇ ಮರಿಗಳಿಗೆ ಹೆಚ್ಚು ಅಪಾಯ. ಅದನ್ನು ತಪ್ಪಿಸಲು ಗುಂಪಿನೊಳಗೇ ಬೆಳೆದ ತಾಯಿಗಿಂತ ಒಳ್ಳೆ ಕಾವಲುಗಾರ ಇಲ್ಲ. ಕಾವು ಕೂತ ನಾಟಿ ಹೇಂಟೆ 21 ದಿನಕ್ಕೆ ಮರಿ ಮಾಡಿ ಹೊರಗೆ ಕರೆತಂದಾಗ ಮೇಲಿನ ಸರದಿಯ ಹೇಂಟೆಯೂ ಹತ್ತಿರ ಬರಲು ಹಿಂಜರಿಯುತ್ತದೆ. ಆರರಿಂದ ಎಂಟು ವಾರ ತಾಯಿಯ ರೆಕ್ಕೆಯ ನೆರಳಲ್ಲಿ ಓಡಾಡುವಷ್ಟರಲ್ಲಿ ಮರಿಗಳಿಗೆ ಗುಂಪು ಪರಿಚಯವಾಗಿರುತ್ತದೆ.

ಗಿರಿರಾಜ, ವನರಾಜದಂಥ ಸುಧಾರಿತ ತಳಿಗಳು ಕಾವಿಗೆ ಕೂರುವುದು ಅಪರೂಪ. ಆದ್ದರಿಂದಲೇ ಆ ತಳಿಯ ಮೊಟ್ಟೆಗಳನ್ನು ನಾಟಿ ಹೇಂಟೆಯ ಕೆಳಗಿಟ್ಟು ಮರಿ ಮಾಡಿಸುವವರಿದ್ದಾರೆ. ಹ್ಯಾಚರಿಯಿಂದ ತಂದ ಒಂದೆರಡು ದಿನದ ಮರಿಗಳನ್ನೂ ಕಾವು ಕೂತ ಹೇಂಟೆಯ ಕೆಳಗೆ ರಾತ್ರಿ ಹೊತ್ತು ಸೇರಿಸಬಹುದು. ಬೆಳಗ್ಗೆ ಅದು ತನ್ನದೇ ಎಂದು ಒಪ್ಪಿಕೊಳ್ಳುವ ಸಾಧ್ಯತೆ ಹೆಚ್ಚು. ಹೇಂಟೆ ಎರಡು ವಾರಕ್ಕಿಂತ ಹೆಚ್ಚು ದಿನ ಕಾವು ಕೂತಿರಬೇಕು, ಮರಿಗಳಿಗೆ ಮೂರು ದಿನ ಮೀರಿರಬಾರದು. ಒಪ್ಪದ ಹೇಂಟೆ ಮರಿಯ ತಲೆಗೇ ಕುಟುಕುತ್ತದೆ, ಆದ್ದರಿಂದ ಬೆಳಕು ಹರಿಯುವಾಗ ಹತ್ತಿರವಿದ್ದು ನೋಡಬೇಕು.

ಎರಡನೇ ಸುತ್ತು

ಬೆರೆಸಿದ ಎರಡು ಮೂರು ವಾರಕ್ಕೆ ಗುಂಪು ಶಾಂತವಾಗುತ್ತದೆ. ಈ ಅವಧಿಯಲ್ಲಿ ಹಳೇ ಕೋಳಿಗಳ ಮೊಟ್ಟೆ ಕಡಿಮೆಯಾಗಬಹುದು. ಸುಮಾರು ದಿನ ಹೊಸವು ಒಂದು ಗುಂಪಾಗಿ, ಹಳೆಯವು ಇನ್ನೊಂದು ಗುಂಪಾಗಿ ಓಡಾಡುತ್ತವೆ. ಅದಕ್ಕೆ ಗಾಬರಿಯಾಗಬೇಕಿಲ್ಲ.

ಮರಿಗಳಿಗೆ ಐದಾರು ತಿಂಗಳಾಗಿ ಜುಟ್ಟು ಕೆಂಪೇರುವ ಹೊತ್ತಿಗೆ ಮತ್ತೊಮ್ಮೆ ಜಗಳ ಕಾಣಿಸಿಕೊಳ್ಳುತ್ತದೆ. ಇಷ್ಟು ದಿನ ತಗ್ಗಿ ನಡೆಯುತ್ತಿದ್ದ ಹೇಂಟೆಮರಿ ಈಗ ಮೊಟ್ಟೆಯಿಡುವ ವಯಸ್ಸಿಗೆ ಬಂದಿರುತ್ತದೆ, ಮೊಟ್ಟೆ ಬುಟ್ಟಿಯಲ್ಲಿ ತನಗೂ ಜಾಗ ಕೇಳುತ್ತದೆ. ನಾಲ್ಕು ಹೇಂಟೆಗೆ ಒಂದರಂತೆ ಮೊಟ್ಟೆ ಬುಟ್ಟಿ ಇದ್ದರೆ ಇದು ಬೇಗ ಮುಗಿಯುತ್ತದೆ.

ಹುಂಜಮರಿಗಳ ವಿಷಯ ಅಷ್ಟು ಸುಲಭವಲ್ಲ. ಹಳೇ ಹುಂಜ ಸಾಮಾನ್ಯವಾಗಿ ಸಣ್ಣ ಮರಿಗಳಿಗೆ ತೊಂದರೆ ಕೊಡದು, ಹೇಂಟೆಗಳ ಜಗಳ ಬಿಡಿಸುವ ಹುಂಜಗಳೂ ಇವೆ. ಆದರೆ ನಾಲ್ಕೈದು ತಿಂಗಳಿಗೆ ಹುಂಜಮರಿಗಳು ಕೂಗಲು ಶುರುಮಾಡಿದವೆಂದರೆ ಅದೇ ಹುಂಜ ಅವನ್ನು ಹಿತ್ತಲಿನಲ್ಲಿ ನಿಲ್ಲಗೊಡುವುದಿಲ್ಲ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಹೆಚ್ಚಾದರೆ ಹೇಂಟೆಗಳ ಬೆನ್ನಿನ ಪುಕ್ಕವೂ ಉಳಿಯುವುದಿಲ್ಲ. ಹೆಚ್ಚಿನ ಹುಂಜಗಳನ್ನು ಮಾರುವುದೋ, ಬೇರೆ ಗೂಡಿನಲ್ಲಿ ಸಾಕುವುದೋ, ಅಡುಗೆಮನೆಗೆ ಕಳಿಸುವುದೋ ಎಂಬುದನ್ನು ಮರಿ ತರುವ ದಿನವೇ ಯೋಚಿಸಿಟ್ಟುಕೊಳ್ಳುವುದು ಒಳ್ಳೆಯದು. ಲಿಂಗ ಬೇರ್ಪಡಿಸದೆ ಮಾರುವ ಹತ್ತು ಮರಿಗಳಲ್ಲಿ ಐದು ಹುಂಜವೇ ಆಗಿರುವ ಸಾಧ್ಯತೆ ಇರುತ್ತದೆ.